ನೆರೆ ನೀರಿಗೆ ಸಿಕ್ಕ ಆಂಪ್ಲಿಫೈಯರ್, ಮಿಕ್ಸರ್, ಕೀಬೋರ್ಡ್: ಉಳಿಸಿಕೊಳ್ಳುವುದು ಹೇಗೆ?

ಒದ್ದೆಯಾದ ಆಂಪ್ಲಿಫೈಯರ್ ರಿಪೇರಿಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, "ಆನ್ ಮಾಡಿ ನೋಡಿದ್ರಾ?" ಹೆಚ್ಚಿನವರು ಹೌದು ಅನ್ನುತ್ತಾರೆ. ಎರಡು ದಿನ ಫ್ಯಾನ್ ಕೆಳಗೆ ಇಟ್ಟೆವು, ಹೊರಗೆಲ್ಲ ಒಣಗಿದ ಹಾಗೆ ಕಂಡಿತು, ಸ್ವಿಚ್ ಹಾಕಿದೆವು, ಟಪ್ ಅಂತು. ಭಜನಾ ಮಂದಿರದ ಸೆಟ್ ಇರಲಿ, ಚರ್ಚ್ ಕಾಯರ್‌ನ ಕೀಬೋರ್ಡ್ ಇರಲಿ, ಕತೆ ಇದೇ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ನಡೆಯುತ್ತದೆ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಮಾನನ್ನು ತೊಳೆಯದೆ ಒಣಗಿಸುತ್ತಾರೆ. ಬರೀ ನೀರು ಒಣಗಿ ಹೋಗುತ್ತದೆ. ಆದರೆ 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಮನೆಗಳಿಗೆ ನುಗ್ಗಿದ್ದು ಬರೀ ನೀರಲ್ಲ. ಅದರಲ್ಲಿ ತೋಡಿನ ಕೆಸರಿತ್ತು, ಚರಂಡಿಯ ಕೊಳೆಯಿತ್ತು. ಹೊಳೆ ಸಮುದ್ರ ಸೇರುವ ಕಡೆಗಳಲ್ಲಿ ಉಪ್ಪೂ ಇರುತ್ತದೆ. ನೀರು ಆರಿದ ಮೇಲೂ ಇವೆಲ್ಲ ಸರ್ಕ್ಯೂಟ್ ಬೋರ್ಡ್ ಮೇಲೆ ಉಳಿಯುತ್ತವೆ. ನಮ್ಮ ಊರಿನ ಗಾಳಿಯಿಂದ ತೇವ ಹೀರಿ ತಾಮ್ರವನ್ನು ತಿನ್ನುತ್ತಾ ಹೋಗುತ್ತವೆ. ಅದಕ್ಕೇ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, "ಸರಿಯಾಯ್ತು" ಅಂದ ಮಿಕ್ಸರ್ ದೀಪಾವಳಿ ಹೊತ್ತಿಗೆ ಸತ್ತುಹೋಗುತ್ತದೆ.

ಕ್ರಮ ಹೀಗಿರಬೇಕು: ಕರೆಂಟ್ ತೆಗೆಯಿರಿ, ಬಿಚ್ಚಿ, ತೊಳೆಯಿರಿ, ಒಣಗಿಸಿ, ಕೊನೆಗೆ ಕರೆಂಟ್ ಕೊಡಿ. ಈ ಸಾಲು ಹಿಂದೆ ಮುಂದೆ ಆಗಬಾರದು.

ಏನೇನು ಬೇಕು

ಸ್ಕ್ರೂಡ್ರೈವರ್ ಸೆಟ್, ಮಲ್ಟಿಮೀಟರ್, ಮೆತ್ತನೆಯ ಹಳೆ ಟೂತ್‌ಬ್ರಷ್, ರಬ್ಬರ್ ಕೈಗವಸು, ಗಮ್‌ಬೂಟು, ಸ್ಕ್ರೂ ಹಾಕಿಡಲು ಸಣ್ಣ ಡಬ್ಬಿಗಳು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಐದು ಲೀಟರ್. ಇದು ಪೆಟ್ರೋಲ್ ಬಂಕ್‌ನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕೇಳುವಾಗ ಬ್ಯಾಟರಿ ನೀರು ಅಂತ ಸರಿಯಾಗಿ ಹೇಳಿ, ಬ್ಯಾಟರಿ ಆ್ಯಸಿಡ್ ಬೇರೆ. ಮೊಬೈಲ್ ಬಿಡಿಭಾಗಗಳ ಅಂಗಡಿಯಲ್ಲಿ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಸಿಗುತ್ತದೆ. 99 ಶೇಕಡಾದ್ದು ತನ್ನಿ. ಮನೆಯಲ್ಲಿರುವ ಸ್ಯಾನಿಟೈಸರ್ ನಡೆಯುವುದಿಲ್ಲ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಬೋರ್ಡ್ ಮೇಲೆ ಅಂಟು ಉಳಿಯುತ್ತದೆ.

1. ಕರೆಂಟ್ ಮೊದಲು, ಸಾಮಾನು ಆಮೇಲೆ

ಕೋಣೆಯಲ್ಲಿ ನೀರು ನಿಂತಿದ್ದರೆ ಒಳಗೆ ಕಾಲಿಡಬೇಡಿ. ಮೈನ್ ಸ್ವಿಚ್ ಒಣ ಜಾಗದಲ್ಲಿದ್ದು ನೀವೂ ಒಣ ನೆಲದ ಮೇಲೆ ನಿಂತಿದ್ದರೆ ಮಾತ್ರ ಅದನ್ನು ಆಫ್ ಮಾಡಿ. ಇಲ್ಲವಾದರೆ 1912ಕ್ಕೆ ಫೋನ್ ಮಾಡಿ, ವಿದ್ಯುತ್ ಕಂಪನಿ ಮೆಸ್ಕಾಂನವರು ಲೈನ್ ತೆಗೆಯಲಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೈನ್ ಆಫ್ ಆದ ಮೇಲೂ ಪ್ಲಗ್‌ಗಳಲ್ಲಿ ಕರೆಂಟ್ ಇರುತ್ತದೆ. ಇದನ್ನು ಮರೆಯುವವರೇ ಜಾಸ್ತಿ.

ನೀರು ಇಳಿದ ಮೇಲೆ ಗಮ್‌ಬೂಟು, ಕೈಗವಸು ಹಾಕಿಯೇ ಹೋಗಿ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಮಳೆಗಾಲದ ಕೊಳೆ ನೀರಿನಿಂದ ಹರಡುವ ಇಲಿ ಜ್ವರ ಹೊಸದಲ್ಲ. ಕೈಕಾಲಲ್ಲಿ ಗಾಯ ಇದ್ದರೆ ಈ ಕೆಲಸ ಬೇರೆಯವರಿಗೆ ಬಿಡಿ. ಸ್ಪೀಕರ್ ಬಾಕ್ಸ್‌ನ ಪೋರ್ಟ್ ತೂತಿಗೆ ಕೈ ಹಾಕುವ ಮೊದಲು ಟಾರ್ಚ್ ಹಾಕಿ ನೋಡಿ. ನೆರೆ ಬಂದಾಗ ಹಾವು ಹೊಕ್ಕಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

2. ಬ್ಯಾಟರಿ ಇರುವುದನ್ನೆಲ್ಲ ಬೇರೆ ಮಾಡಿ

ಒದ್ದೆಯಾದ ಬೋರ್ಡ್‌ಗೆ ಕರೆಂಟ್ ಸಿಕ್ಕರೆ ಸವೆತ ಗಂಟೆಗಳಲ್ಲೇ ಶುರುವಾಗುತ್ತದೆ. ಗೋಡೆಯ ಪ್ಲಗ್ ತೆಗೆದರೂ ಒಳಗೆ ಬ್ಯಾಟರಿ ಇದ್ದರೆ ಕರೆಂಟ್ ಇದ್ದ ಹಾಗೇ. ವೈರ್‌ಲೆಸ್ ಮೈಕ್‌ನ ಪೆನ್ಸಿಲ್ ಸೆಲ್, ಗಿಟಾರ್ ಪ್ರಿ ಆ್ಯಂಪ್‌ನ 9 ವೋಲ್ಟ್ ಬ್ಯಾಟರಿ, ಕೀಬೋರ್ಡ್ ಅಡಿಯ ಸೆಲ್‌ಗಳು, ಟ್ರಾಲಿ ಸ್ಪೀಕರ್‌ನ 12 ವೋಲ್ಟ್ ಬ್ಯಾಟರಿ, ಎಲ್ಲವನ್ನೂ ತೆಗೆಯಿರಿ.

ಲಿಥಿಯಂ ಬ್ಯಾಟರಿ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಉಬ್ಬಿದ್ದರೆ, ಬಿಸಿಯಾಗಿದ್ದರೆ, ಸುಯ್ ಅಂತ ಸದ್ದು ಬಂದರೆ, ಸಿಹಿ ಸಿಹಿ ವಾಸನೆ ಬಂದರೆ ಬಿಚ್ಚಲು ಕೂರಬೇಡಿ, ದೂರ ಹೋಗಿ. ಸುಮ್ಮನೆ ಒದ್ದೆಯಾಗಿ ತಣ್ಣಗಿದ್ದರೆ ತೆಗೆದು ಮನೆಯಿಂದ ದೂರ, ಮಳೆ ಬೀಳದ ಸಿಮೆಂಟ್ ನೆಲದ ಮೇಲೆ ಇಡಿ. ಉಪ್ಪು ನೀರಿನಲ್ಲಿ ನೆನೆದದ್ದು ಒಣಗಿ ಕೆಲವು ದಿನ ಆದ ಮೇಲೂ ಬೆಂಕಿ ಹತ್ತಿಕೊಳ್ಳಬಹುದು. ಅದನ್ನು ಮತ್ತೆ ಚಾರ್ಜ್‌ಗೆ ಹಾಕುವ ಮಾತೇ ಬೇಡ.

3. ಫೋಟೋ ತೆಗೆದು, ಸಾಲು ಮಾಡಿ

ಇನ್ಶೂರೆನ್ಸ್ ಇದ್ದರೆ ತೊಳೆಯುವ ಮೊದಲು ಕಂಪನಿಗೆ ತಿಳಿಸಿ. ನೀರು ನಿಂತ ಗುರುತು, ಸೀರಿಯಲ್ ನಂಬರ್ ಎರಡೂ ಕಾಣುವ ಹಾಗೆ ಫೋಟೋ ತೆಗೆದಿಡಿ. ಹಾಳಾದದ್ದನ್ನೂ ಸರ್ವೇಯರ್ ನೋಡುವ ತನಕ ಎಸೆಯಬೇಡಿ.

ಎಲ್ಲವನ್ನೂ ಒಂದೇ ದಿನ ಮಾಡಲು ಆಗುವುದಿಲ್ಲ. ಹಾಗಾಗಿ ಯಾವುದು ಮೊದಲು ಅನ್ನುವುದು ಮುಖ್ಯ. ಉಳ್ಳಾಲ, ಮಲ್ಪೆ ಕಡೆಯ ಹಾಗೆ ಉಪ್ಪು ನೀರು ತಾಗಿದ್ದರೆ ಅದಕ್ಕೆ ಮೊದಲ ಸ್ಥಾನ. ಒದ್ದೆಯಾಗುವಾಗ ಆನ್ ಇದ್ದ ಸಾಮಾನು ಎರಡನೆಯದು. ಕೆಸರು ನೀರಿನಲ್ಲಿ ಮುಳುಗಿದ್ದು ಆಮೇಲೆ. ಮಾಡು ಸೋರಿ ಮೇಲಿಂದ ನಾಲ್ಕು ಹನಿ ಬಿದ್ದದ್ದು ಕೊನೆಗೆ.

ಕೆಸರು, ಉಪ್ಪು ತಾಗಿದ ಬೋರ್ಡ್ ತೊಳೆಯಲು ನಾಳೆಯೇ ಆಗುವುದಾದರೆ ಅದನ್ನು ಒಣಗಲು ಬಿಡಬೇಡಿ. ಈಗಲೇ ಒಮ್ಮೆ ಒಳ್ಳೆಯ ನೀರು ಹಾಯಿಸಿ, ತೇವ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಒಣಗಿದ ಕೆಸರು ಐಸಿಯ (ಬೋರ್ಡ್ ಮೇಲಿನ ಕಪ್ಪು ಚಿಪ್) ಕಾಲುಗಳ ಸಂದಿಯಲ್ಲಿ ಸಿಮೆಂಟ್‌ನಷ್ಟು ಗಟ್ಟಿಯಾಗುತ್ತದೆ.

ರೆಕಾರ್ಡಿಂಗ್ ಇರುವ ಹಾರ್ಡ್ ಡಿಸ್ಕ್ ಮಾತ್ರ ಬೇರೆ ಲೆಕ್ಕ. ಅದನ್ನು ಬಿಚ್ಚಬೇಡಿ, ಒಣಗಿಸಬೇಡಿ, ಕಂಪ್ಯೂಟರಿಗೆ ಹಾಕಿ ನೋಡಲೂ ಬೇಡಿ. ಒದ್ದೆ ಇರುವ ಹಾಗೆಯೇ ಗಾಳಿಯಾಡದ ಚೀಲದಲ್ಲಿ ಹಾಕಿ ಡೇಟಾ ರಿಕವರಿ ಮಾಡುವವರಿಗೆ ಕೊಡಿ.

4. ಬಿಚ್ಚುವುದು

ಇಲ್ಲಿ ಒಂದು ಅಪಾಯ ಇದೆ. ಪ್ಲಗ್ ತೆಗೆದ ಮೇಲೂ ಆಂಪ್ಲಿಫೈಯರ್‌ನ ದೊಡ್ಡ ಕೆಪಾಸಿಟರ್‌ಗಳಲ್ಲಿ, ಅಂದರೆ ಕರೆಂಟ್ ಹಿಡಿದಿಡುವ ಡಬ್ಬಿಯಂಥ ಭಾಗಗಳಲ್ಲಿ, ಚಾರ್ಜ್ ಉಳಿದಿರುತ್ತದೆ. ಹಗುರ ತೂಕದ ಈಗಿನ ಆಂಪ್ಲಿಫೈಯರ್, ಪವರ್ಡ್ ಸ್ಪೀಕರ್‌ಗಳ ಎಸ್‌ಎಂಪಿಎಸ್‌ನಲ್ಲಿ, ಅಂದರೆ ಒಳಗಿನ ಪವರ್ ಸಪ್ಲೈ ಬೋರ್ಡ್‌ನಲ್ಲಿ, ಅದು 320 ವೋಲ್ಟ್ ದಾಟಬಹುದು. ವಾಲ್ವ್ ಇರುವ ಗಿಟಾರ್ ಆ್ಯಂಪ್‌ನಲ್ಲಿ 400ಕ್ಕೂ ಮೇಲೆ. ಮುಚ್ಚಳ ತೆಗೆದು, ಏನನ್ನೂ ಮುಟ್ಟದೆ, ಮಲ್ಟಿಮೀಟರನ್ನು ಡಿಸಿಗೆ ಇಟ್ಟು ದೊಡ್ಡ ಕೆಪಾಸಿಟರ್‌ನ ಎರಡೂ ಕಾಲಿನ ನಡುವೆ ಅಳೆಯಿರಿ. ಮೂವತ್ತು ವೋಲ್ಟ್‌ಗಿಂತ ಜಾಸ್ತಿ ಕಂಡರೆ ಮುಚ್ಚಳ ಹಾಕಿ ಟೆಕ್ನೀಷಿಯನ್ ಹತ್ತಿರ ಕೊಂಡುಹೋಗಿ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವ ಅಭ್ಯಾಸ ಹಲವರಿಗಿದೆ. ಅದು ಬೇಡವೇ ಬೇಡ. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಮಿಕ್ಸರ್, ಕೀಬೋರ್ಡ್, ಮೈಕ್, ಕೇಬಲ್ ಮಟ್ಟಿಗೆ ನಿಲ್ಲಿಸುವುದು ಒಳ್ಳೆಯದು.

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ಇರಲಿ. ಪಟ್ಟಿ ಕೇಬಲ್ ಯಾವ ಮುಖ ಮೇಲಿತ್ತು, ಉದ್ದ ಸ್ಕ್ರೂ ಎಲ್ಲಿಂದ ಬಂತು, ಇವು ಒಂದು ವಾರದ ನಂತರ ನೆನಪಿರುವುದಿಲ್ಲ.

5. ತೊಳೆಯುವುದು

ಎಲೆಕ್ಟ್ರಾನಿಕ್ಸ್‌ಗೆ ಬೇಕು ಬೇಕೆಂದೇ ನೀರು ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಕರೆಂಟ್ ಇಲ್ಲದ, ಬ್ಯಾಟರಿ ತೆಗೆದ ಬೋರ್ಡ್‌ಗೆ ಶುದ್ಧ ನೀರಿನಿಂದ ಏನೂ ಆಗುವುದಿಲ್ಲ. ಹೆದರಬೇಕಾದದ್ದು ಈಗಾಗಲೇ ಅದರ ಮೇಲೆ ಕೂತಿರುವ ಕೊಳೆಗೆ.

ಯಾವ ನೀರು? ಹೊಳೆ ಬದಿಯ, ಕಡಲ ಬದಿಯ ಬಾವಿಗಳಲ್ಲಿ ಉಪ್ಪಿನಂಶ ಇರಬಹುದು, ಅದು ಬೇಡ. ನಮಗೆ ಬೇಕಾದಷ್ಟು ಸಿಗುವುದು ಮಳೆ ನೀರು. ಅಂಗಳದ ನಡುವೆ ಪಾತ್ರೆ ಇಟ್ಟು ನೇರ ಆಕಾಶದಿಂದ ಹಿಡಿಯಿರಿ. ಹಂಚಿನ ಮಾಡಿನಿಂದ ಇಳಿದದ್ದರಲ್ಲಿ ಪಾಚಿ, ದೂಳು ಇರುತ್ತದೆ. ಮಳೆ ನೀರಲ್ಲಿ ಲವಣ ಕಡಿಮೆ, ಮೊದಲ ಸುತ್ತಿಗೆ ಅದೇ ಸಾಕು.

ಬೋರ್ಡನ್ನು ಓರೆಯಾಗಿ ಹಿಡಿದು ಮೇಲಿಂದ ನೀರು ಹರಿಸಿ. ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಕೆಸರು ಅಡಗಿ ಕೂರುವ ಜಾಗ ಯಾವುದು ಅಂತ ಗೊತ್ತಿರಬೇಕು. ಬಿಳಿ ಪ್ಲಾಸ್ಟಿಕ್ ಕನೆಕ್ಟರ್ ಒಂದನ್ನು ಎಳೆದು ತೆಗೆದು ನೋಡಿ. ಸುತ್ತಲಿನ ಬೋರ್ಡ್ ಫಳಫಳ ಅನ್ನುತ್ತಿದ್ದರೂ ಕನೆಕ್ಟರ್‌ನ ಬುಡದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಕೆಂಪು ಗೆರೆ ಉಳಿದಿರುತ್ತದೆ. ನಮ್ಮ ಮುರಕಲ್ಲಿನ ಮಣ್ಣಿನ ಬಣ್ಣ. ಎರಡು ಪಿನ್‌ಗಳ ನಡುವೆ ಆ ಗೆರೆ ಒದ್ದೆಯಾದರೆ ಸಾಕು, ಕರೆಂಟ್ ಅದರ ಮೂಲಕವೇ ಹಾಯುತ್ತದೆ. ಐಸಿ ಅಡಿ, ಸಾಕೆಟ್ ಒಳಗೆ, ಹೀಟ್‌ಸಿಂಕ್ ಮತ್ತು ಬೋರ್ಡ್ ನಡುವಿನ ಸಂದಿಯಲ್ಲೂ ಹೀಗೇ ಹುಡುಕಿ. ಜಿಡ್ಡು ಇದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಬಹುದು. ಆದರೆ ನೊರೆ ಪೂರ್ತಿ ಹೋಗುವ ತನಕ ತೊಳೆಯಬೇಕು.

ಹಸಿರು ಕಿಲುಬು ಕಂಡರೆ ಅಲ್ಲಿ ತಾಮ್ರ ಸವೆಯಲು ಶುರುವಾಗಿದೆ ಎಂದರ್ಥ. ಐಪಿಎಯಲ್ಲಿ ಬ್ರಷ್ ಅದ್ದಿ ಉಜ್ಜಿ. ಕಿಲುಬಿನ ಅಡಿಯಲ್ಲಿ ತಾಮ್ರದ ಗೆರೆ ಇದೆಯೋ, ಮಾಯವಾಗಿದೆಯೋ ನೋಡಿ. ಒಂದೆರಡು ಗೆರೆ ಹೋಗಿದ್ದರೆ ಟೆಕ್ನೀಷಿಯನ್ ಸಣ್ಣ ವೈರ್ ಹಾಕಿ ಜೋಡಿಸುತ್ತಾರೆ.

ಕೊನೆಯಲ್ಲಿ ಡಿಸ್ಟಿಲ್ಡ್ ವಾಟರ್ ಹಾಯಿಸಿ. ನಂತರ ಐಪಿಎ ಹಚ್ಚಿದರೆ ಅದು ಉಳಿದ ನೀರನ್ನು ಕರೆದುಕೊಂಡು ಆರುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ಒಲೆ, ದೀಪ ಇರಬಾರದು, ಅದು ಬಹಳ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಡಿಸ್‌ಪ್ಲೇ, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಕೋನ್, ಕಂಡೆನ್ಸರ್ ಮೈಕ್‌ನ ಕ್ಯಾಪ್ಸೂಲ್, ಇವನ್ನು ಹೀಗೆ ತೊಳೆಯಬೇಡಿ. ಮಿಕ್ಸರ್‌ನ ಫೇಡರ್, ನಾಬ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಬೇರೆ ಇದೆ. ಬಾಗಿಲಿನ ತಿರುಗಣಿಗೆ ಹೊಡೆಯುವ ಎಣ್ಣೆ ಸ್ಪ್ರೇ ಅಲ್ಲಿ ಹೊಡೆದರೆ ಎಣ್ಣೆ ಉಳಿದು ದೂಳು ಹಿಡಿಯುತ್ತದೆ. ಹಳೆ ಹಾರ್ಮೋನಿಯಂ, ಗಿಟಾರ್‌ಗಳ ಅರಗಿನ ಪಾಲಿಶ್‌ಗೆ ಐಪಿಎ ತಾಗಿದರೆ ಪಾಲಿಶೇ ಕರಗಿ ಬರುತ್ತದೆ.

ಒಂದೊಂದು ಸಾಮಾನಿಗೆ ಒಂದೊಂದು ರೀತಿ

ಕೀಬೋರ್ಡ್: ಕೀಗಳ ಅಡಿಯಲ್ಲಿ ಸಣ್ಣ ಗುಮ್ಮಟಗಳಿರುವ ರಬ್ಬರ್ ಪಟ್ಟಿ ಇರುತ್ತದೆ. ನೀರು ಅದರೊಳಗೆ ಹೊಕ್ಕರೆ ವಾರಗಟ್ಟಲೆ ಒಣಗುವುದಿಲ್ಲ. ಪಟ್ಟಿಯನ್ನು ಮೆಲ್ಲಗೆ ಎತ್ತಿ, ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗುಮ್ಮಟದ ಒಳಗಿನ ಕಪ್ಪು ಕಾರ್ಬನ್ ಬೊಟ್ಟನ್ನು ಉಜ್ಜಬೇಡಿ. ಅದು ಸವೆದರೆ ಆ ಸ್ವರ ಮತ್ತೆ ಬರುವುದಿಲ್ಲ.

ಸ್ಪೀಕರ್: ಬಾಕ್ಸ್‌ನಿಂದ ಡ್ರೈವರ್ ಬಿಚ್ಚಿ ತೆಗೆಯಿರಿ. ಒದ್ದೆ ಪೇಪರ್ ಕೋನನ್ನು ಬೆರಳಿನಿಂದ ಒತ್ತಬೇಡಿ, ಆ ಕ್ಷಣಕ್ಕೆ ಅದು ಹಪ್ಪಳದ ಹಿಟ್ಟಿನಷ್ಟು ಮೆತ್ತಗಿರುತ್ತದೆ. ಪೂರ್ತಿ ಒಣಗಿದ ಮೇಲೆ ಒಂದೂವರೆ ವೋಲ್ಟ್ ಸೆಲ್ಲಿನ ಎರಡು ವೈರ್‌ಗಳನ್ನು ಟರ್ಮಿನಲ್‌ಗೆ ಮುಟ್ಟಿಸಿ ತೆಗೆಯಿರಿ. ಟಕ್ ಅಂತ ಸ್ಪಷ್ಟ ಸದ್ದು ಬಂದರೆ ಕಾಯಿಲ್ ಇದೆ. ಕರಕರ ಅಂದರೆ ಮ್ಯಾಗ್ನೆಟ್ ಸಂದಿಗೆ ಕೆಸರು ಹೋಗಿದೆ, ರೀಕೋನ್ ಮಾಡಿಸಬೇಕು, ಅಂದರೆ ಕೋನ್, ಕಾಯಿಲ್ ಹೊಸದು ಹಾಕಿಸಬೇಕು. ಪ್ಲೈವುಡ್ ಬಾಕ್ಸ್ ಬದುಕುತ್ತದೆ. ಮರದ ಹುಡಿ ಒತ್ತಿ ಮಾಡಿದ ಎಂಡಿಎಫ್ ಬಾಕ್ಸ್ ಉಬ್ಬಿದರೆ ಅಷ್ಟೇ.

ಮೈಕ್ ಮತ್ತು ಕೇಬಲ್: ಸಾಮಾನ್ಯ ಡೈನಮಿಕ್ ಮೈಕ್ ಗಟ್ಟಿ ಜೀವ. ಜಾಲರಿ ಬಿಚ್ಚಿ, ಒಳಗಿನ ಸ್ಪಂಜನ್ನು ಸೋಪಿನಲ್ಲಿ ತೊಳೆದು ಒಣಗಿಸಿ. ಕೇಬಲ್‌ನ ಎರಡೂ ತುದಿಯ ಕನೆಕ್ಟರ್ ಬಿಚ್ಚಲೇಬೇಕು. ಹೊರಗಿನ ರಬ್ಬರ್ ಒಣಗಿದರೂ ಒಳಗಿನ ತಾಮ್ರದ ಹೆಣಿಗೆ ನೀರನ್ನು ಅಡಿಗಟ್ಟಲೆ ಒಳಕ್ಕೆ ಎಳೆದಿರುತ್ತದೆ. ತುದಿ ಕಪ್ಪಾಗಿದ್ದರೆ ಒಳ್ಳೆಯ ತಾಮ್ರ ಸಿಗುವ ತನಕ ಕತ್ತರಿಸಿ ಮತ್ತೆ ಬೆಸುಗೆ ಹಾಕಿ.

ಹಾರ್ಮೋನಿಯಂ: ಒದ್ದೆ ಇರುವಾಗ ತಿದಿ ಒತ್ತಬೇಡಿ. ಅಂಟು ಬಿಟ್ಟಿರುತ್ತದೆ, ಬಟ್ಟೆ ಹರಿಯುತ್ತದೆ. ರೀಡ್ ಹಲಗೆ ಹೊರಗೆ ತೆಗೆದು ನೆರಳಲ್ಲಿ ಒಣಗಿಸಿ. ರೀಡ್ ಮೇಲಿನ ಕಿಲುಬನ್ನು ಮರಳು ಕಾಗದದಿಂದ ತಿಕ್ಕಿದರೆ ಶ್ರುತಿ ಹೋಗುತ್ತದೆ. ಅದು ರಿಪೇರಿ ಮಾಡುವವರ ಕೈಯ ಕೆಲಸ. ಮದ್ದಳೆ, ತಬಲಾಗಳ ಬಿಗಿ ಸ್ವಲ್ಪ ಸಡಿಲ ಮಾಡಿ ನೆರಳಲ್ಲಿಡಿ. ಒದ್ದೆ ಚರ್ಮ ಬಿಗಿಯಾಗಿದ್ದಾಗಲೇ ಒಣಗಿದರೆ ಬಿರಿಯುತ್ತದೆ. ಬೆಂಕಿ ಹತ್ತಿರ ಕಾಯಿಸಲು ಹೋಗಬೇಡಿ.

6. ಒಣಗಿಸುವುದು

ಅಕ್ಕಿ ಡಬ್ಬದಲ್ಲಿ ಹುಗಿದಿಡುವುದನ್ನು ದಯವಿಟ್ಟು ಬಿಡಿ. ಅಕ್ಕಿ ಹೀರುವ ತೇವ ತೀರಾ ಕಡಿಮೆ, ಅದರ ಹುಡಿ ಮಾತ್ರ ಎಲ್ಲ ಸಂದಿಗೂ ಹೋಗುತ್ತದೆ. ಕೂದಲು ಒಣಗಿಸುವ ಡ್ರೈಯರ್ ಪ್ಲಾಸ್ಟಿಕ್ಕನ್ನು ಬಾಗಿಸುತ್ತದೆ, ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಮಳೆಗಾಲದ ಬಿಸಿಲನ್ನು ನಂಬಿ ಅಂಗಳದಲ್ಲಿ ಇಡಲೂ ಆಗುವುದಿಲ್ಲ.

ಫ್ಯಾನ್ ಸಾಕಲ್ವಾ ಅಂತ ಕೇಳುತ್ತಾರೆ. ಜುಲೈಯಲ್ಲಿ ಇಲ್ಲಿನ ತೇವಾಂಶ 85, 90 ಶೇಕಡಾ ಆಸುಪಾಸು ಇರುತ್ತದೆ. ಆ ಗಾಳಿಯೇ ಒದ್ದೆ. ಏಸಿ ಇರುವ ಕೋಣೆ ಇದ್ದರೆ ಡ್ರೈ ಮೋಡ್‌ಗೆ ಹಾಕಿ ಬಾಗಿಲು ಮುಚ್ಚಿ, ಅದರ ಜೊತೆಗೆ ಫ್ಯಾನ್ ಹಾಕಿ.

ಏಸಿ ಇಲ್ಲದವರಿಗೆ ಬಲ್ಬ್ ಕಪಾಟು ಒಳ್ಳೆಯ ದಾರಿ. ಕಬ್ಬಿಣದ ಕಪಾಟಿನ ತಳದಲ್ಲಿ 60 ವ್ಯಾಟಿನ ಹಳೆ ಕಾಲದ ಬಿಸಿ ಬಲ್ಬ್ ಹಾಕಿ. ಎಲ್‌ಇಡಿ ಬಿಸಿ ಕೊಡುವುದಿಲ್ಲ. ಬಾಗಿಲನ್ನು ಎರಡು ಬೆರಳಷ್ಟು ತೆರೆದಿಡಿ, ತೇವ ಹೊರಗೆ ಹೋಗಬೇಕು. ಒಳಗೆ ಥರ್ಮಾಮೀಟರ್ ಇರಲಿ, 45 ಡಿಗ್ರಿ ದಾಟಬಾರದು. 27 ಡಿಗ್ರಿಯ, 90 ಶೇಕಡಾ ತೇವದ ಗಾಳಿಯನ್ನು 40 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ 45 ಶೇಕಡಾಕ್ಕಿಂತ ಕೆಳಗಿಳಿಯುತ್ತದೆ. ಒಣಗಲು ಬೇಕಾದದ್ದು ಇದೇ. ಬಲ್ಬಿನ ಹತ್ತಿರ ಬಟ್ಟೆ, ಪೇಪರ್, ಥರ್ಮೊಕೋಲ್ ಇರಬಾರದು. ಐಪಿಎ ಹಚ್ಚಿದ್ದು ಹೊರಗೆ ಪೂರ್ತಿ ಆರಿದ ಮೇಲೆಯೇ ಒಳಗಿಡಿ. ಎಲ್ಲರೂ ಮಲಗುವಾಗ ಬಲ್ಬ್ ಆಫ್ ಆಗಲಿ. ಹಾರ್ಮೋನಿಯಂ, ಗಿಟಾರ್, ಚರ್ಮವಾದ್ಯಗಳನ್ನು ಇದರಲ್ಲಿಡಬೇಡಿ. ಬೇಗ ಒಣಗಿದರೆ ಮರ ಸೀಳುತ್ತದೆ.

ಎಷ್ಟು ದಿನ? ತೆರೆದ ಬೋರ್ಡ್‌ಗೆ ಎರಡು ಮೂರು ದಿನ. ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಬಾಕ್ಸ್‌ಗೆ ಒಂದು ವಾರಕ್ಕೆ ಕಡಿಮೆ ಇಲ್ಲ. ಅಂದಾಜು ಬೇಡ ಅಂದರೆ ತಕ್ಕಡಿ ಇದೆ. ದಿನಾ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಒಳಗೆ ನೀರಿರುವ ತನಕ ತೂಕ ಇಳಿಯುತ್ತಲೇ ಇರುತ್ತದೆ. ಎರಡು ಮೂರು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದು ಧೈರ್ಯವಾಗಿ ಹೇಳಬಹುದು. ಚೌತಿಗೆ, ವಿಟ್ಲಪಿಂಡಿಗೆ ಸೆಟ್ ಬೇಕು ಅನ್ನುವ ಅವಸರದಲ್ಲಿ ಸಾಯುವ ಆಂಪ್ಲಿಫೈಯರ್‌ಗಳೇ ಹೆಚ್ಚು. ಹಬ್ಬಕ್ಕೆ ಬಾಡಿಗೆಗೆ ತನ್ನಿ.

7. ಮೊದಲ ಸಲ ಕರೆಂಟ್ ಕೊಡುವುದು

ನೇರ ಪ್ಲಗ್‌ಗೆ ಹಾಕಬೇಡಿ. ಎಲೆಕ್ಟ್ರೀಷಿಯನ್‌ಗಳ ಹತ್ತಿರ ಸೀರೀಸ್ ಬಲ್ಬ್ ಇರುತ್ತದೆ. 100 ವ್ಯಾಟಿನ ಬಿಸಿ ಬಲ್ಬಿನ ಮೂಲಕ ಹಾದು ಬಂದ ಕರೆಂಟ್ ಮಾತ್ರ ಸಾಮಾನಿಗೆ ಹೋಗುತ್ತದೆ. ಒಳಗೆ ಶಾರ್ಟ್ ಇದ್ದರೂ ಬಲ್ಬ್ ಉರಿಯುತ್ತದೆ, ಆಂಪ್ಲಿಫೈಯರ್ ಉರಿಯುವುದಿಲ್ಲ. ಅವರಿಂದಲೇ ಮಾಡಿಸಿ.

ಸ್ಪೀಕರ್ ಜೋಡಿಸಬಾರದು, ವಾಲ್ಯೂಮ್ ಸೊನ್ನೆಯಲ್ಲಿರಲಿ. ಬಲ್ಬ್ ಒಮ್ಮೆ ಜೋರಾಗಿ ಬೆಳಗಿ ಮಂಕಾದರೆ ಒಳ್ಳೆಯ ಲಕ್ಷಣ. ಹಾಗೇ ಜೋರಾಗಿ ಉರಿಯುತ್ತಿದ್ದರೆ ತಕ್ಷಣ ಆಫ್ ಮಾಡಿ. ಎಸ್‌ಎಂಪಿಎಸ್ ಇರುವವುಗಳಲ್ಲಿ ಬಲ್ಬ್ ಮಿಣುಕಬಹುದು. ಅದೊಂದರಿಂದಲೇ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದರೆ ಕರೆಂಟ್ ಕೊಡುವ ಮೊದಲೇ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್, ಹಾಕಿ ನೋಡಲು ಹೇಳಿ. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಇನ್ನೂ ಒಣಗಬೇಕು.

ಇಷ್ಟರಲ್ಲಿ ಪಾಸಾದರೆ ಸ್ಪೀಕರ್ ಹಾಕುವ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟ್ ಅಳೆಯಿರಿ. ನೂರು ಮಿಲಿವೋಲ್ಟ್‌ಗಿಂತ ಕೆಳಗಿರಬೇಕು. ಒಂದೆರಡು ವೋಲ್ಟ್ ಬಂದರೆ ಅದು ಸ್ಪೀಕರ್ ಕಾಯಿಲ್ ಸುಡುವ ಸೂಚನೆ. ಎಲ್ಲ ಸರಿ ಇದ್ದರೂ ಮೊದಲ ಸದ್ದು ಹಳೆ ಸ್ಪೀಕರ್‌ನಲ್ಲಿ ಕೇಳಿ, ಅರ್ಧ ಗಂಟೆ ಪಕ್ಕದಲ್ಲೇ ಕೂತಿರಿ.

ಸುಟ್ಟ ವಾಸನೆ, ಮೀನಿನಂಥ ವಾಸನೆ, ಚಟಪಟ ಸದ್ದು, ಹೆಚ್ಚುತ್ತಾ ಹೋಗುವ ಹಮ್ಮಿಂಗ್, ಬಾಡಿ ಮುಟ್ಟಿದಾಗ ಜುಂ ಅನ್ನುವುದು, ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಟ್ರಿಪ್ ಆದರೆ ಅದು ನಿಮ್ಮ ಜೀವ ಉಳಿಸುತ್ತಿದೆ. ಅರ್ಥ್ ಪಿನ್ ಕತ್ತರಿಸಿ ಹಮ್ಮಿಂಗ್ ನಿಲ್ಲಿಸುವವರಿದ್ದಾರೆ. ಒದ್ದೆಯಾಗಿ ಎದ್ದು ಬಂದ ಆಂಪ್ಲಿಫೈಯರ್‌ಗೆ ಹಾಗೆ ಮಾಡಿದರೆ ಮೈಕ್ ಹಿಡಿದವರಿಗೇ ಶಾಕ್ ಹೊಡೆಯುತ್ತದೆ.

8. ಯಾವುದನ್ನು ಬಿಡಬೇಕು

ನೀರಲ್ಲಿ ಮುಳುಗಿದ ಎಕ್ಸ್‌ಟೆನ್ಷನ್ ಬೋರ್ಡ್, ಸ್ಪೈಕ್ ಬಸ್ಟರ್, ಅಡಾಪ್ಟರ್, ಚಾರ್ಜರ್‌ಗಳನ್ನು ಉಳಿಸಲು ನೋಡಬೇಡಿ. ಅವುಗಳ ಬೆಲೆಗಿಂತ ಅಪಾಯ ದೊಡ್ಡದು. ಉಪ್ಪು ನೀರಿನಲ್ಲಿ ಆನ್ ಇದ್ದಾಗಲೇ ಮುಳುಗಿದ ಡಿಜಿಟಲ್ ಮಿಕ್ಸರ್, ಲ್ಯಾಪ್‌ಟಾಪ್ ಬೋರ್ಡ್‌ಗಳು ಬದುಕುವುದು ಅಪರೂಪ. ದುಡ್ಡು ಸುರಿಯುವ ಮೊದಲು ರಿಪೇರಿ ಖರ್ಚು ಎಷ್ಟಾಗಬಹುದು ಅಂತ ಕೇಳಿ. ಹೊಸದರ ಅರ್ಧ ಬೆಲೆ ದಾಟಿದರೆ ನನ್ನ ಪ್ರಕಾರ ಬಿಡುವುದೇ ಸರಿ.

9. ಆಮೇಲಿನ ಎರಡು ತಿಂಗಳು

ಸರಿಯಾಯಿತು ಅಂತ ಅಟ್ಟಕ್ಕೆ ಹಾಕಬೇಡಿ. ಮೊದಲ ತಿಂಗಳು ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿ. ಒಳಗಿನ ಬಿಸಿಗೆ ಉಳಿದ ತೇವ ಹೋಗುತ್ತದೆ. ತಿಂಗಳಾದ ಮೇಲೆ ಪ್ಲಗ್ ತೆಗೆದು, ಮತ್ತೊಮ್ಮೆ ಮುಚ್ಚಳ ತೆಗೆದು, ನಾಲ್ಕನೇ ಹಂತದಲ್ಲಿ ಹೇಳಿದ ಹಾಗೆ ಮೊದಲು ಕೆಪಾಸಿಟರ್ ಅಳೆಯಿರಿ. ಕನೆಕ್ಟರ್ ಬುಡ, ಐಸಿ ಕಾಲು, ಸ್ಕ್ರೂ ಸುತ್ತ ಟಾರ್ಚ್ ಹಾಕಿ ನೋಡಿ. ಹೊಸದಾಗಿ ಹಸಿರು ಅಥವಾ ಬಿಳಿ ಹುಡಿ ಎದ್ದಿದ್ದರೆ ಮೊದಲ ಸಲ ತೊಳೆದದ್ದು ಸಾಲಲಿಲ್ಲ. ಆ ಜಾಗವನ್ನು ಐಪಿಎಯಲ್ಲಿ ಮತ್ತೆ ಉಜ್ಜಿ, ಒಣಗಿಸಿ, ಇನ್ನೊಂದು ತಿಂಗಳು ಬಿಟ್ಟು ಪುನಃ ನೋಡಿ. ಪತ್ತನಾಜೆ (ಮೇ ಕೊನೆಗೆ ಆಟ, ಉತ್ಸವಗಳ ಸೀಸನ್ ಮುಗಿಯುವ ದಿನ) ಆದ ಮೇಲೆ ಸೆಟ್ ಕಟ್ಟಿಟ್ಟು ದೀಪಾವಳಿ ಹೊತ್ತಿಗೆ ತೆಗೆಯುವ ಮೇಳದವರು, ಮಂದಿರದವರು ಈ ನೋಡುವ ಕೆಲಸವನ್ನು ಮಳೆಗಾಲದ ನಡುವೆ ಒಮ್ಮೆಯಾದರೂ ಮಾಡಬೇಕು. ಪೆಟ್ಟಿಗೆಗಳನ್ನು ನೆಲದಿಂದ ಎರಡು ಅಡಿ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ.